ಗ್ಯಾರೆಟ್ ಮಾರ್ಗನ್ ಮತ್ತು ಸಂಚಾರ ಸಂಕೇತದ ಮೂರನೆಯ ಸ್ಥಿತಿ

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳು ತಯಾರಿಸುವ ಚಾರ್ಟುಗಳಲ್ಲಿ ಸಂಶೋಧಕರ ಪಟ್ಟಿಯೊಂದು ತಪ್ಪದೆ ಇರುತ್ತದೆ. ಎಡಗಡೆ ವಸ್ತುವಿನ ಹೆಸರು, ಬಲಗಡೆ ಅದನ್ನು ಕಂಡುಹಿಡಿದವರ ಹೆಸರು. ರಸ್ತೆ ಸುರಕ್ಷತೆಯ ಪಾಠವಿದ್ದರೆ ಟ್ರಾಫಿಕ್ ದೀಪದ ಎದುರು ಗ್ಯಾರೆಟ್ ಮಾರ್ಗನ್ ಎಂದು ಬರೆದಿರುತ್ತದೆ. ಪಾಠವೀಕ್ಷಕನಾಗಿ ನಾನು ಈ ಸಾಲನ್ನು ಓದಿದಾಗಲೆಲ್ಲ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು ಹೇಳುತ್ತೇನೆ: ಟ್ರಾಫಿಕ್ ದೀಪವನ್ನು ಮೊದಲು ಕಂಡುಹಿಡಿದವರು ಮಾರ್ಗನ್ ಅಲ್ಲ, ಆದರೂ ಆ ಪಾಠದಲ್ಲಿ ಅವರ ಹೆಸರು ಇರಲೇಬೇಕು.

ಇದು ಹೇಗೆ ಎಂಬುದನ್ನು ವಿವರಿಸಲು ಅವರ ಜೀವನವನ್ನೇ ಇಲ್ಲಿ ಹೇಳುತ್ತಿದ್ದೇನೆ. ಎಂಟನೆಯ ತರಗತಿಯ ಮಕ್ಕಳಿಗೆ ಎರಡು ಅವಧಿಗಳಲ್ಲಿ ಹೇಳಿ ಮುಗಿಸಬಹುದಾದ ಕಥೆ ಇದು. ವಿಜ್ಞಾನ, ಸಮಾಜ ವಿಜ್ಞಾನ ಎರಡೂ ವಿಷಯಗಳ ಪ್ರಶಿಕ್ಷಣಾರ್ಥಿಗಳು ಬಳಸಿಕೊಳ್ಳಬಹುದು.

ಬಾಲ್ಯ ಮತ್ತು ಓದು

ಗ್ಯಾರೆಟ್ ಮಾರ್ಗನ್ 1877ರ ಮಾರ್ಚ್ 4ರಂದು ಅಮೆರಿಕದ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಸಣ್ಣ ಪಟ್ಟಣದ ಬಳಿ, ಕಪ್ಪು ಜನರ ವಸತಿಯಾಗಿದ್ದ ಕ್ಲೇಸ್‌ವಿಲ್‌ನಲ್ಲಿ ಹುಟ್ಟಿದರು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನುಪ್ರಕಾರ ಕೊನೆಗೊಂಡದ್ದು 1865ರಲ್ಲಿ. ಅಂದರೆ ಆಗಿನ್ನೂ ಹನ್ನೆರಡು ವರ್ಷವಾಗಿತ್ತು. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆ ಕಂಡವರು. ಹನ್ನೊಂದು ಮಕ್ಕಳ ಕುಟುಂಬದಲ್ಲಿ ಗ್ಯಾರೆಟ್ ಏಳನೆಯವರು. ಹೊಲದ ಕೆಲಸದ ನಡುವೆ ಆರನೆಯ ತರಗತಿಯವರೆಗೆ ಓದಿದರು. ಶಾಲೆಯ ಓದು ಅಲ್ಲಿಗೆ ನಿಂತಿತು.

ಹದಿನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಓಹಾಯೋ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಹೋದರು. ಅಲ್ಲಿ ಒಬ್ಬ ಜಮೀನುದಾರನ ಬಳಿ ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಶಿಕ್ಷಕರಾಗುವವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಆ ಹುಡುಗ ತನಗೆ ಬರುತ್ತಿದ್ದ ಕೂಲಿಯಲ್ಲೇ ಹಣ ಉಳಿಸಿ, ಇಂಗ್ಲಿಷ್ ವ್ಯಾಕರಣ ಕಲಿಯಲು ಒಬ್ಬ ಪಾಠ ಹೇಳುವವರನ್ನು ನೇಮಿಸಿಕೊಂಡ. ಮುಂದೆ ತಮ್ಮ ಸಾಧನಗಳ ಪೇಟೆಂಟ್‌ಗೆ ಅರ್ಜಿ ಹಾಕಿದ, ವ್ಯಾಪಾರ ನಡೆಸಿದ, ಪತ್ರಿಕೆ ಆರಂಭಿಸಿದ ಮನುಷ್ಯನ ಓದು ಹೀಗೆ ಬೆಳೆಯಿತು.

ಹೊಲಿಗೆ ಯಂತ್ರಗಳ ನಡುವೆ

1895ರಲ್ಲಿ ಮಾರ್ಗನ್ ಅದೇ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದರು. ಮುಂದಿನ ಬದುಕೆಲ್ಲ ಅವರದು ಅದೇ ಊರು. ಬಟ್ಟೆ ಕಾರ್ಖಾನೆಯಲ್ಲಿ ಕಸ ಗುಡಿಸುವುದರಿಂದ ಆರಂಭಿಸಿ, ಯಂತ್ರಗಳನ್ನು ನೋಡುತ್ತ ನೋಡುತ್ತ ಹೊಲಿಗೆ ಯಂತ್ರದ ರಿಪೇರಿ ಕಲಿತರು. ಯಂತ್ರದ ಬೆಲ್ಟ್ ಬಿಗಿಯಾಗಿ ನಿಲ್ಲುವಂತೆ ಮಾಡುವ ಒಂದು ಸಣ್ಣ ಸಾಧನವೇ ಅವರ ಮೊದಲ ಆವಿಷ್ಕಾರ. 1907ರಲ್ಲಿ ಸ್ವಂತ ರಿಪೇರಿ ಅಂಗಡಿ ತೆರೆದರು. ಮರುವರ್ಷ ಬೊಹೀಮಿಯಾದಿಂದ ವಲಸೆ ಬಂದಿದ್ದ, ಹೊಲಿಗೆ ಕೆಲಸ ಬಲ್ಲ ಮೇರಿ ಹಾಸೆಕ್ ಅವರನ್ನು ಮದುವೆಯಾದರು. 1909ರಲ್ಲಿ ಆರಂಭವಾದ ಅವರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ 32 ಮಂದಿ ಕೆಲಸಕ್ಕಿದ್ದರು.

ವೇಗವಾಗಿ ಓಡುವ ಸೂಜಿಯ ಬಿಸಿಗೆ ಉಣ್ಣೆ ಬಟ್ಟೆ ಸುಡದಂತೆ ಮಾಡಲು ಒಂದು ದ್ರವವನ್ನು ಪ್ರಯೋಗಿಸುತ್ತಿದ್ದಾಗ, ಅದು ಗುಂಗುರಾದ ಎಳೆಗಳನ್ನು ನೇರ ಮಾಡುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಅದನ್ನೇ ಕೂದಲಿಗೆ ಹಚ್ಚುವ ಕ್ರೀಮಾಗಿ ಮಾಡಿ ಮಾರಿದರು. ಮುಂದಿನ ಪ್ರಯೋಗಗಳಿಗೆ ಬೇಕಾದ ಹಣ ಈ ವ್ಯಾಪಾರದಿಂದ ಬಂತು.

ಹೊಗೆಯಲ್ಲಿ ಉಸಿರಾಡುವ ಮುಸುಕು

1912ರಲ್ಲಿ ಮಾರ್ಗನ್ ಒಂದು ರಕ್ಷಣಾ ಮುಸುಕಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದರು. 1914ರಲ್ಲಿ ಅದು ಮಂಜೂರಾಯಿತು. ಇದರ ಹಿಂದಿನ ವಿಜ್ಞಾನ ಸರಳ. ಬೆಂಕಿ ಬಿದ್ದ ಕೋಣೆಯಲ್ಲಿ ಬಿಸಿ ಹೊಗೆ ಮೇಲಕ್ಕೇರುತ್ತದೆ, ನೆಲದ ಬಳಿ ಸ್ವಲ್ಪ ತಂಪಾದ, ಸ್ವಚ್ಛವಾದ ಗಾಳಿ ಉಳಿದಿರುತ್ತದೆ. ತಲೆಯನ್ನು ಪೂರ್ತಿ ಮುಚ್ಚುವ ಮುಸುಕಿನಿಂದ ಉದ್ದನೆಯ ಕೊಳವೆಯೊಂದು ನೆಲದ ಹತ್ತಿರದವರೆಗೆ ಇಳಿದಿತ್ತು. ಅದರ ತುದಿಯಲ್ಲಿ ಒದ್ದೆ ಸ್ಪಂಜು ಇರುತ್ತಿತ್ತು. ಒಳಗೆ ಬರುವ ಗಾಳಿಯನ್ನು ಅದು ತಂಪು ಮಾಡಿ ಸೋಸುತ್ತಿತ್ತು. ಬಿಟ್ಟ ಉಸಿರು ಹೊರಹೋಗಲು ಬೇರೆ ಕೊಳವೆ ಇತ್ತು. ಉಸಿರಾಟದ ಸಾಧನಗಳು ಅದಕ್ಕೂ ಮೊದಲೇ ಇದ್ದವು. ಮಾರ್ಗನ್ ಅವರದು ಅಗ್ನಿಶಾಮಕರು ಸುಲಭವಾಗಿ ತೊಟ್ಟುಕೊಳ್ಳಬಹುದಾದ ಸಾಧನವಾಗಿತ್ತು.

ಮುಸುಕು ಮಾರಾಟವಾಗಬೇಕಿತ್ತು. ಆದರೆ ಕಪ್ಪು ಮನುಷ್ಯನೊಬ್ಬ ತಯಾರಿಸಿದ ಸಾಧನವನ್ನು ಎಷ್ಟೋ ಊರುಗಳಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಕೊಳ್ಳುವವರಿರಲಿಲ್ಲ. ಹಾಗಾಗಿ ಮಾರ್ಗನ್ ಒಬ್ಬ ಬಿಳಿಯ ನಟನನ್ನು ಸಂಶೋಧಕನಂತೆ ನಿಲ್ಲಿಸುತ್ತಿದ್ದರು. ತಾವು ಮೂಲನಿವಾಸಿ ಇಂಡಿಯನ್ ವೇಷ ಹಾಕಿ, ಬೇರೆ ಹೆಸರಿನಲ್ಲಿ ಸಹಾಯಕನಂತೆ ಬಂದು, ಮುಸುಕು ತೊಟ್ಟು ದಟ್ಟ ಹೊಗೆ ತುಂಬಿದ ಗುಡಾರದೊಳಗೆ ಹೋಗುತ್ತಿದ್ದರು. ಬಹಳ ಹೊತ್ತಿನ ನಂತರ ಏನೂ ಆಗದವರಂತೆ ಹೊರಬರುತ್ತಿದ್ದರು. ತಮ್ಮ ಸಾಧನದ ಪ್ರದರ್ಶನದಲ್ಲೇ ತಾವು ಯಾರೆಂದು ಹೇಳಿಕೊಳ್ಳಲಾಗದ ಸ್ಥಿತಿ ಅದು. ತರಗತಿಯಲ್ಲಿ ಈ ಭಾಗವನ್ನು ತಮಾಷೆಯ ಪ್ರಸಂಗವೆಂಬಂತೆ ಹೇಳಿ ಮುಂದೆ ಹೋಗಬಾರದು.

ಸರೋವರದ ಕೆಳಗಿನ ಸುರಂಗ

ಕ್ಲೀವ್‌ಲ್ಯಾಂಡ್ ಇರುವುದು ಈರಿ ಸರೋವರದ ದಂಡೆಯಲ್ಲಿ. ನಗರಕ್ಕೆ ಕುಡಿಯುವ ನೀರು ತರಲು ಸರೋವರದ ತಳದ ಕೆಳಗೆ ಸುರಂಗ ಕೊರೆಯುತ್ತಿದ್ದರು. 1916ರ ಜುಲೈ 24ರ ರಾತ್ರಿ ಅಲ್ಲಿ ನೈಸರ್ಗಿಕ ಅನಿಲ ಸ್ಫೋಟಿಸಿತು. ಒಳಗಿದ್ದ ಕೆಲಸಗಾರರು ಸಿಕ್ಕಿಬಿದ್ದರು. ಅವರನ್ನು ರಕ್ಷಿಸಲು ಇಳಿದ ಹಲವರು ವಿಷಾನಿಲಕ್ಕೆ ಬಲಿಯಾದರು. ನಸುಕಿನಲ್ಲಿ ಮಾರ್ಗನ್‌ಗೆ ಕರೆ ಹೋಯಿತು. ಅವರು ತಮ್ಮ ಸಹೋದರ ಫ್ರಾಂಕ್ ಜೊತೆ ಮುಸುಕುಗಳನ್ನು ಹೊತ್ತು ಬಂದರು. ಇಬ್ಬರೂ ಸುರಂಗಕ್ಕೆ ಇಳಿದರು. ಇಬ್ಬರನ್ನು ಜೀವಂತವಾಗಿ ಮೇಲೆ ತಂದರು, ಸತ್ತವರ ದೇಹಗಳನ್ನೂ ತಂದರು.

ನಗರದ ನಾಗರಿಕರ ಒಂದು ಗುಂಪು ಮಾರ್ಗನ್‌ಗೆ ಚಿನ್ನದ ಪದಕ ನೀಡಿತು. ಆದರೆ ಇಂಥ ಸಾಹಸಗಳಿಗೆಂದೇ ಇದ್ದ ಕಾರ್ನೆಗೀ ಪದಕ ಆ ದುರಂತದ ಬೇರೆ ರಕ್ಷಕರಿಗೆ ಸಿಕ್ಕಿತು, ಮಾರ್ಗನ್‌ಗೆ ಸಿಗಲಿಲ್ಲ. ಅವರು ಮೇಯರ್‌ಗೆ ಪತ್ರ ಬರೆದು ಪ್ರತಿಭಟಿಸಿದರು. ಸಂಶೋಧಕ ಯಾರೆಂಬುದು ಸುದ್ದಿಯಾದ ಮೇಲೆ ಮುಸುಕಿನ ಬೇಡಿಕೆಯನ್ನು ಕೆಲವು ಊರುಗಳು ಹಿಂತೆಗೆದುಕೊಂಡವೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಮಾರ್ಗನ್‌ಗಿಂತ ಮೊದಲು

ಈಗ ರಸ್ತೆಯ ವಿಷಯಕ್ಕೆ ಬರೋಣ. ಮಾರ್ಗನ್ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರಿಗಿಂತ ಮೊದಲು ಏನೇನಿತ್ತು ಎಂಬುದು ತಿಳಿದಿರಬೇಕು.

ಮೊದಲ ಸಂಚಾರ ಸಂಕೇತ ಬಂದದ್ದು ಅಮೆರಿಕದಲ್ಲಲ್ಲ, ಲಂಡನ್ನಿನಲ್ಲಿ. 1868ರ ಡಿಸೆಂಬರಿನಲ್ಲಿ ಪಾರ್ಲಿಮೆಂಟ್ ಭವನದ ಬಳಿ ಜಾನ್ ಪೀಕ್ ನೈಟ್ ಅವರ ಯೋಜನೆಯಂತೆ ಒಂದು ಕಂಬ ನಿಲ್ಲಿಸಿದರು. ನೈಟ್ ರೈಲ್ವೆಯವರು. ಆದ್ದರಿಂದ ಆ ಕಂಬಕ್ಕೆ ರೈಲಿನ ಕೈಮರದಂತೆಯೇ ಏಳುವ ಬೀಳುವ ತೋಳುಗಳಿದ್ದವು. ರಾತ್ರಿಗೆ ಕೆಂಪು, ಹಸಿರು ಗ್ಯಾಸ್ ದೀಪಗಳಿದ್ದವು. ಆಗ ಹಸಿರಿನ ಅರ್ಥ ಎಚ್ಚರಿಕೆಯಿಂದ ಸಾಗಿ ಎಂದಿತ್ತು. ಮರುತಿಂಗಳೇ ಗ್ಯಾಸ್ ಸೋರಿ ಸ್ಫೋಟವಾಯಿತು. ದೀಪ ನಡೆಸುತ್ತಿದ್ದ ಪೊಲೀಸನಿಗೆ ಪೆಟ್ಟಾಯಿತು. ಆ ಪ್ರಯೋಗ ಮುಂದುವರಿಯಲಿಲ್ಲ.

ಅಮೆರಿಕದ ನಗರಗಳಲ್ಲಿ ಈ ಪ್ರಶ್ನೆ ಮತ್ತೆ ಎದ್ದದ್ದು ಮೋಟಾರು ಕಾರಿನಿಂದ. 1900ರಲ್ಲಿ ಇಡೀ ದೇಶದಲ್ಲಿ ಸುಮಾರು 8,000 ಕಾರುಗಳಿದ್ದವು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು. 1920ರ ಹೊತ್ತಿಗೆ ಕಾರುಗಳ ಸಂಖ್ಯೆ 80 ಲಕ್ಷ ದಾಟಿತ್ತು. ಅದೇ ರಸ್ತೆಯಲ್ಲಿ ಕುದುರೆಗಾಡಿ, ಟ್ರಾಮ್, ಸೈಕಲ್, ನಡೆದುಹೋಗುವ ಜನ, ಆಟವಾಡುವ ಮಕ್ಕಳು ಎಲ್ಲ ಇದ್ದರು. ವೃತ್ತದ ನಡುವೆ ನಿಂತ ಪೊಲೀಸನ ಕೈಸನ್ನೆ ಸಾಲದಾಯಿತು.

1912ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಲೆಸ್ಟರ್ ವೈರ್ ಹಕ್ಕಿಗೂಡಿನಂಥ ಒಂದು ಮರದ ಪೆಟ್ಟಿಗೆ ಮಾಡಿ, ಬಣ್ಣದಲ್ಲಿ ಅದ್ದಿದ ಕೆಂಪು, ಹಸಿರು ಬಲ್ಬುಗಳನ್ನು ಅದಕ್ಕೆ ಜೋಡಿಸಿದರು. ವಿದ್ಯುತ್ತು ಟ್ರಾಮ್ ತಂತಿಯಿಂದ ಬರುತ್ತಿತ್ತು, ಸ್ವಿಚ್ಚು ಪೊಲೀಸನ ಕೈಯಲ್ಲಿರುತ್ತಿತ್ತು. 1914ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡಿನಲ್ಲೇ, ಯೂಕ್ಲಿಡ್ ಅವೆನ್ಯೂ ಮತ್ತು ಪೂರ್ವ 105ನೆಯ ಬೀದಿ ಸೇರುವಲ್ಲಿ, ಜೇಮ್ಸ್ ಹೋಗ್ ಅವರ ವಿನ್ಯಾಸದ ವಿದ್ಯುತ್ ಸಂಕೇತ ಆರಂಭವಾಯಿತು. ಪಕ್ಕದ ಗೂಡಿನಲ್ಲಿ ಕುಳಿತವನು ಕೆಂಪು, ಹಸಿರು ದೀಪ ಬದಲಿಸುತ್ತಿದ್ದ. ಬದಲಾಗುವ ಮುನ್ನ ಎಚ್ಚರಿಕೆಯ ಸದ್ದು ಬರುತ್ತಿತ್ತು. 1920ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ಹಳದಿಯನ್ನು ಸೇರಿಸಿ, ನಾಲ್ಕು ದಿಕ್ಕಿಗೂ ಕಾಣುವ ಮೂರು ಬಣ್ಣದ ದೀಪ ನಿಲ್ಲಿಸಿದರು.

ಅಂದರೆ ಮಾರ್ಗನ್ ವಾಸಿಸುತ್ತಿದ್ದ ಊರಿನಲ್ಲೇ, ಅವರ ಪೇಟೆಂಟ್‌ಗೆ ಒಂಬತ್ತು ವರ್ಷ ಮೊದಲು, ವಿದ್ಯುತ್ ಟ್ರಾಫಿಕ್ ದೀಪ ಉರಿಯುತ್ತಿತ್ತು. ಚಾರ್ಟಿನ ಸಾಲು ನಿಲ್ಲುವುದಿಲ್ಲ.

ಮೂರನೆಯ ಸ್ಥಿತಿ

ಹಾಗಾದರೆ ಮಾರ್ಗನ್ ಮಾಡಿದ್ದೇನು? ಕ್ಲೀವ್‌ಲ್ಯಾಂಡಿನ ಕಪ್ಪು ನಾಗರಿಕರಲ್ಲಿ ಕಾರು ಇಟ್ಟುಕೊಂಡ ಮೊದಲಿಗರಲ್ಲಿ ಅವರೂ ಒಬ್ಬರು. ಕಾರೂ ಕುದುರೆಗಾಡಿಯೂ ಡಿಕ್ಕಿಯಾದ ಒಂದು ಭೀಕರ ಅಪಘಾತವನ್ನು ಕಣ್ಣಾರೆ ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂದು ಹೇಳಲಾಗುತ್ತದೆ. 1922ರ ಫೆಬ್ರವರಿ 27ರಂದು ಅರ್ಜಿ ಸಲ್ಲಿಸಿದರು. 1923ರ ನವೆಂಬರ್ 20ರಂದು ಪೇಟೆಂಟ್ ದೊರೆಯಿತು. ಅದರ ಸಂಖ್ಯೆ 1,475,024.

ಆ ಪೇಟೆಂಟ್ ದಾಖಲೆಯಲ್ಲಿರುವುದು ಇಂದಿನಂಥ ದೀಪದ ಪೆಟ್ಟಿಗೆಯಲ್ಲ. ಇಂಗ್ಲಿಷ್ ಅಕ್ಷರ ಟಿ ಆಕಾರದ ಕಂಬ, ಅದಕ್ಕೆ ನಿಲ್ಲು, ಹೋಗು ಎಂದು ಬರೆದ ತೋಳುಗಳು, ಕೆಳಗೆ ನಿಂತವನು ತಿರುಗಿಸಲು ಒಂದು ಹಿಡಿಕೆ. ರೈಲಿನ ಕೈಮರದ ಬಂಧುವೇ ಇದು. ಒಂದು ಸ್ಥಿತಿಯಲ್ಲಿ ಒಂದು ಬೀದಿಯವರು ಹೋಗುತ್ತಾರೆ, ಎರಡನೆಯದರಲ್ಲಿ ಅಡ್ಡಬೀದಿಯವರು ಹೋಗುತ್ತಾರೆ. ಮೂರನೆಯ ಸ್ಥಿತಿಯಲ್ಲಿ ತೋಳುಗಳು ಮೇಲಕ್ಕೇಳುತ್ತವೆ, ಆಗ ಎಲ್ಲ ದಿಕ್ಕಿನವರೂ ನಿಲ್ಲುತ್ತಾರೆ.

ಎಲ್ಲರನ್ನೂ ನಿಲ್ಲಿಸುವುದರಿಂದ ಏನು ಪ್ರಯೋಜನ? ಕೇವಲ ನಿಲ್ಲು, ಹೋಗು ಎಂಬ ಎರಡೇ ಆಜ್ಞೆಗಳಿದ್ದಾಗ ಅವು ಬದಲಾಗುವ ಗಳಿಗೆಯೇ ಅಪಾಯದ ಗಳಿಗೆ. ಒಂದು ಗಾಡಿ ವೃತ್ತದ ನಡುಮಧ್ಯದಲ್ಲಿದೆ ಎನ್ನಿ. ಅದು ಹೊರಟಾಗ ಅದಕ್ಕೆ ಹೋಗು ಎಂದೇ ಇತ್ತು. ಈಗ ಅಡ್ಡಬೀದಿಯವರಿಗೆ ಹೋಗು ಎಂದಾಯಿತು. ಇಬ್ಬರೂ ನಿಯಮ ಪಾಲಿಸಿದವರೇ, ಆದರೂ ಡಿಕ್ಕಿಯಾಗುತ್ತದೆ. ರಸ್ತೆಯ ಅರ್ಧ ದಾಟಿದ ಮುದುಕಿಯ ಸ್ಥಿತಿಯೂ ಇದೇ. ನಡುವೆ ಸಿಕ್ಕಿಕೊಂಡವರು ದಾಟಿ ಮುಗಿಸಲು ಸಮಯ ಕೊಡಬೇಕು ಎಂಬುದು ಮಾರ್ಗನ್ ತಮ್ಮ ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿದ ಉದ್ದೇಶ. ಸಾಧನ ಕಡಿಮೆ ಖರ್ಚಿನಲ್ಲಿ ತಯಾರಾಗಬೇಕು ಎಂಬುದು ಇನ್ನೊಂದು. ದೊಡ್ಡ ವಿದ್ಯುತ್ ಸಂಕೇತ ನಿಲ್ಲಿಸಲಾಗದ ಬೀದಿಗೂ ಇಂಥ ಕಂಬ ಸಾಧ್ಯವಿತ್ತು. ರಾತ್ರಿ ನಡೆಸುವವರು ಇಲ್ಲದಾಗ ತೋಳುಗಳನ್ನು ಅರ್ಧಕ್ಕೆ ಇಳಿಸಿ ಬಿಡಬಹುದಿತ್ತು. ಅದನ್ನು ಕಂಡವರು ಎಚ್ಚರಿಕೆಯಿಂದ ಸಾಗಬೇಕು. ತಡರಾತ್ರಿ ನಮ್ಮ ನಗರಗಳಲ್ಲಿ ಮಿಣುಕುವ ಹಳದಿ ದೀಪವೂ ಇದನ್ನೇ ಹೇಳುತ್ತದೆ.

ಡೆಟ್ರಾಯಿಟ್‌ನಲ್ಲಿ ಪಾಟ್ಸ್ ಹಳದಿ ದೀಪದಿಂದ ತುಂಬಿದ್ದೂ ಇದೇ ಕೊರತೆಯನ್ನು. ಬೇರೆ ಬೇರೆ ಊರಿನ ಇಬ್ಬರು ಒಂದೇ ಕೊರತೆಯನ್ನು ಕಂಡು ಎರಡು ದಾರಿ ಹಿಡಿದರು. ಇಂದಿನ ಸಂಕೇತಗಳಲ್ಲಿ ಈ ಎರಡೂ ಆಲೋಚನೆಗಳು ಇವೆ. ಹಸಿರಾದ ಮೇಲೆ ಹಳದಿ ಬರುತ್ತದೆ. ಅದಾದ ಮೇಲೆ ಅನೇಕ ವೃತ್ತಗಳಲ್ಲಿ ಒಂದೆರಡು ಸೆಕೆಂಡು ಎಲ್ಲ ಕಡೆಯೂ ಕೆಂಪು ಇರುತ್ತದೆ. ನಿಂತ ವಾಹನದಲ್ಲಿ ಕುಳಿತವರಿಗೆ ಅದು ವ್ಯರ್ಥ ಸಮಯವೆನಿಸುತ್ತದೆ. ಆ ಒಂದೆರಡು ಸೆಕೆಂಡು ಇರುವುದು ವೃತ್ತದ ಮಧ್ಯದಲ್ಲಿರುವವರಿಗಾಗಿ.

ಮಾರ್ಗನ್ ಈ ಪೇಟೆಂಟನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಗೆ 40,000 ಡಾಲರಿಗೆ ಮಾರಿದರೆಂದು ಅವರ ಜೀವನಚರಿತ್ರೆಗಳಲ್ಲಿ ಬರೆದಿರುತ್ತದೆ. ನಗರಗಳು ಮುಂದೆ ತಾನಾಗಿ ಬದಲಾಗುವ ವಿದ್ಯುತ್ ದೀಪಗಳತ್ತ ಹೊರಳಿದವು. ಕೈಯಿಂದ ತಿರುಗಿಸುವ ಕಂಬಗಳು ಬೀದಿಗಳಿಂದ ಮರೆಯಾದವು.

ಕೊನೆಯ ವರ್ಷಗಳು

ಮಾರ್ಗನ್ ತಮ್ಮ ಸಮುದಾಯದ ಕೆಲಸದಲ್ಲೂ ತೊಡಗಿದ್ದರು. 1920ರಲ್ಲಿ ಕಪ್ಪು ಓದುಗರಿಗಾಗಿ ಕ್ಲೀವ್‌ಲ್ಯಾಂಡ್ ಕಾಲ್ ಎಂಬ ಪತ್ರಿಕೆ ಆರಂಭಿಸಿದರು. 1931ರಲ್ಲಿ ನಗರಸಭೆಯ ಚುನಾವಣೆಗೆ ಸ್ವತಂತ್ರರಾಗಿ ನಿಂತು ಸೋತರು. 1943ರ ಹೊತ್ತಿಗೆ ಗ್ಲಾಕೋಮಾದಿಂದ ದೃಷ್ಟಿ ಬಹುಪಾಲು ಹೋಯಿತು. ಸಂಚಾರ ಸಂಕೇತದ ಕೆಲಸಕ್ಕೆ ಅಮೆರಿಕ ಸರ್ಕಾರದ ಮನ್ನಣೆ ಬಂದದ್ದು ಸಾಯುವುದಕ್ಕೆ ಸ್ವಲ್ಪ ಮೊದಲು. 1963ರ ಜುಲೈ 27ರಂದು, 86ನೆಯ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡಿನಲ್ಲೇ ತೀರಿಕೊಂಡರು. ಸುರಂಗ ದುರಂತದ ನಂತರ ಪದಕಕ್ಕಾಗಿ ಹೋರಾಡಬೇಕಾಗಿ ಬಂದ ಅದೇ ನಗರದ ನೀರು ಶುದ್ಧೀಕರಣ ಘಟಕವೊಂದಕ್ಕೆ ಇಂದು ಅವರ ಹೆಸರಿದೆ.

ತರಗತಿಯಲ್ಲಿ ಹೇಗೆ

ಈ ಜೀವನವನ್ನು ಪಾಠವಾಗಿಸುವಾಗ ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುವ ಕ್ರಮ ಹೀಗಿದೆ.

ಪೂರ್ವಜ್ಞಾನ: ಹಳ್ಳಿಯ ಶಾಲೆಯಲ್ಲಿ ಟ್ರಾಫಿಕ್ ದೀಪ ನೋಡಿರದ ಮಕ್ಕಳು ಇರಬಹುದು. ಅಲ್ಲಿ ರೈಲ್ವೆ ಗೇಟಿನಿಂದಲೋ, ಸಂತೆಯ ದಿನ ನಾಲ್ಕು ದಾರಿ ಸೇರುವಲ್ಲಿ ಎತ್ತಿನ ಗಾಡಿ, ಬಸ್ಸು, ಸೈಕಲ್ ಒಟ್ಟಿಗೆ ಸಿಕ್ಕಿಕೊಳ್ಳುವುದರಿಂದಲೋ ಆರಂಭಿಸಿ. ಸಮಸ್ಯೆ ಅರಿತ ಮೇಲೆ ಸಾಧನದ ಮಾತು ಬರಲಿ.

ಚಟುವಟಿಕೆ: ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಡ್ಡಹಾಯುವ ಎರಡು ರಸ್ತೆ ಎಳೆಯಿರಿ. ಮಕ್ಕಳು ನಾಲ್ಕು ಗುಂಪಾಗಿ ನಾಲ್ಕು ಕಡೆ ನಿಲ್ಲಲಿ. ನಡುವೆ ಒಬ್ಬರು ಕೆಂಪು, ಹಸಿರು ರಟ್ಟುಗಳನ್ನು ಹಿಡಿಯಲಿ. ನಡಿಗೆಯಲ್ಲೇ ದಾಟಬೇಕು, ಓಡುವಂತಿಲ್ಲ. ಮೊದಲ ಸುತ್ತಿನಲ್ಲಿ ಎರಡೇ ಆಜ್ಞೆ, ಥಟ್ಟನೆ ಬದಲಾವಣೆ. ನಡುವೆ ಎಷ್ಟು ಮಂದಿ ಎದುರುಬದುರಾದರು ಎಂದು ಇಬ್ಬರು ಎಣಿಸಿ ಬರೆದುಕೊಳ್ಳಲಿ. ಪರಿಹಾರ ಏನೆಂದು ಮಕ್ಕಳನ್ನೇ ಕೇಳಿ. ಎಲ್ಲರೂ ಸ್ವಲ್ಪ ಹೊತ್ತು ನಿಲ್ಲಬೇಕು ಎಂಬ ಉತ್ತರ ಅವರಿಂದಲೇ ಬರಲು ಸಮಯ ಕೊಡಿ. ಎರಡನೆಯ ಸುತ್ತಿನಲ್ಲಿ ಅದನ್ನು ಸೇರಿಸಿ ಮತ್ತೆ ಎಣಿಸಿ. ಮಾರ್ಗನ್ ಅವರ ಹೆಸರು ಇದಾದ ನಂತರ ಬರಲಿ.

ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಮುಸುಕಿನ ತತ್ವಕ್ಕೆ ಒಂದು ಊದಿನಕಡ್ಡಿ ಹಚ್ಚಿ ಹೊಗೆಯ ದಿಕ್ಕನ್ನು ತೋರಿಸಿದರೆ ಸಾಕು. ಕೊಳವೆ ಕೆಳಕ್ಕೆ ಏಕೆ ಇಳಿಯಬೇಕು ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ಕಪ್ಪುಹಲಗೆ: ಎರಡು ಅಂಕಣ ಎಳೆಯಿರಿ. ಒಂದರಲ್ಲಿ ದಾಖಲೆ ಹೇಳುವುದು, ಇನ್ನೊಂದರಲ್ಲಿ ಜನ ಹೇಳುವುದು. ಪೇಟೆಂಟಿನ ದಿನಾಂಕ, ಮೂರು ಸ್ಥಿತಿಗಳ ವಿವರ ಮೊದಲನೆಯದರಲ್ಲಿ. ಕಣ್ಣಾರೆ ಕಂಡ ಅಪಘಾತ, 40,000 ಡಾಲರ್ ಎರಡನೆಯದರಲ್ಲಿ. ಎರಡನೆಯ ಅಂಕಣದ್ದೆಲ್ಲ ಸುಳ್ಳೆಂದು ಹೇಳಬೇಕಾಗಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ತಿಳಿದರೆ ಇತಿಹಾಸ ಓದುವ ಬಗೆಯೇ ತಿಳಿದಂತೆ.

ಒಂದು ಎಚ್ಚರಿಕೆ: ಬಣ್ಣದ ಕಾರಣಕ್ಕೆ ಮಾರ್ಗನ್ ತಮ್ಮ ಮುಖ ಮರೆಸಿಕೊಳ್ಳಬೇಕಾಯಿತು ಎಂಬ ಭಾಗ ಬಂದಾಗ ತರಗತಿ ಮೌನವಾಗಬಹುದು. ಇಂಥದ್ದನ್ನು ಬೇರೆ ರೂಪದಲ್ಲಿ ತಮ್ಮ ಮನೆಯವರ ಬದುಕಿನಲ್ಲಿ ಕಂಡ ಮಕ್ಕಳು ಅಲ್ಲಿರುತ್ತಾರೆ. ಯಾವ ಮಗುವಿನ ಕಡೆಗೂ ನೋಡಿ ಉದಾಹರಣೆ ಕೇಳಬೇಡಿ. ಮಾತಾಡಲು ಬಯಸಿದ ಮಗು ಮಾತಾಡಲಿ. ನಮ್ಮ ಸಂವಿಧಾನದ ಸಮಾನತೆಯ ಹಕ್ಕಿನ ಪಾಠಕ್ಕೆ ಇಲ್ಲಿಂದ ಸಹಜವಾಗಿ ಹೋಗಬಹುದು.

ಮೊದಲಿಗರಲ್ಲ ಎಂದರೆ ಮಕ್ಕಳ ಕಣ್ಣಲ್ಲಿ ಮಾರ್ಗನ್ ಸಣ್ಣವರಾಗುವುದಿಲ್ಲವೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುವುದುಂಟು. ನಾನು ಹಾಗೆ ಭಾವಿಸುವುದಿಲ್ಲ. ಮಾರ್ಗನ್ ಟ್ರಾಫಿಕ್ ದೀಪ ಕಂಡುಹಿಡಿದರು ಎಂದು ಕಲಿತ ಮಗು ಮುಂದೊಂದು ದಿನ 1914ರ ದೀಪದ ಬಗ್ಗೆ ಓದುತ್ತದೆ. ಆಗ ಆ ಮಗು ನಾವು ಹೇಳಿದ ಉಳಿದದ್ದನ್ನೂ ನಂಬುವುದಿಲ್ಲ. ಸುರಂಗಕ್ಕೆ ಇಳಿದದ್ದನ್ನು, ಮುಸುಕನ್ನು, ಸಿಗದೆ ಹೋದ ಪದಕವನ್ನು ಕೂಡ ಉತ್ಪ್ರೇಕ್ಷೆಯೆಂದು ತಳ್ಳಿಹಾಕುತ್ತದೆ. ಬದುಕಿದ್ದಾಗ ತಮ್ಮ ಕೆಲಸಕ್ಕೆ ಹೆಸರು ಹಾಕಿಕೊಳ್ಳಲು ಕಷ್ಟಪಟ್ಟವರಿಗೆ ಅವರದಲ್ಲದ ಕೆಲಸವನ್ನು ಹೊರಿಸಿ ಗೌರವಿಸಬೇಕಾದ ಅಗತ್ಯವಿಲ್ಲ. ಅವರು ಮಾಡಿದ್ದನ್ನೇ ಸರಿಯಾಗಿ ಹೇಳಿದರೆ ಸಾಕು.

ಮೌಲ್ಯಮಾಪನಕ್ಕೆ ಕೆಲವು ಪ್ರಶ್ನೆಗಳು:

1. ಎರಡೇ ಆಜ್ಞೆಗಳ ಸಂಚಾರ ಸಂಕೇತದಲ್ಲಿ ಯಾವ ಗಳಿಗೆ ಅಪಾಯಕಾರಿ? ಏಕೆ?

2. ಲಂಡನ್ನಿನ ಮೊದಲ ಸಂಕೇತಕ್ಕೂ ರೈಲಿನ ಕೈಮರಕ್ಕೂ ಇರುವ ಸಂಬಂಧವೇನು?

3. ಪಾಟ್ಸ್ ಮತ್ತು ಮಾರ್ಗನ್ ಒಂದೇ ಸಮಸ್ಯೆಗೆ ಕೊಟ್ಟ ಎರಡು ಉತ್ತರಗಳನ್ನು ಹೋಲಿಸಿ.

4. ನಿಮ್ಮ ಊರಿನ ಅಪಾಯಕಾರಿ ಕೂಡುರಸ್ತೆಯ ಚಿತ್ರ ಬರೆದು, ಅಲ್ಲಿ ನಡೆದು ದಾಟುವವರಿಗೆ ಸಮಯ ಸಿಗುವಂತೆ ಮಾಡಲು ಕಡಿಮೆ ಖರ್ಚಿನ ಒಂದು ಉಪಾಯ ಸೂಚಿಸಿ.

ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ತಿದ್ದಿ ಕಟ್ಟಿಡಬೇಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮಕ್ಕಳ ಸಹಿಯೊಂದಿಗೆ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಕಳುಹಿಸಿ. ಚಿತ್ರ ಬರೆದ ಮಗುವಿನ ಹೆಸರು ಅದರ ಮೇಲೆ ಇರಲಿ.